ಮೈಲ್ಸ್ ಯಾವ ಖಾತೆಗೆ? ಬೆಂಗಳೂರಿನಿಂದ ಹಾರುವವರಿಗೊಂದು ಹೋಲಿಕೆ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾ ಟಿಕೆಟ್ ಕೊಂಡಿದ್ದೀರಿ ಎನ್ನಿ. ಆ ಪ್ರಯಾಣದ ಮೈಲ್ಸ್, ಅಂದರೆ ಮುಂದೆ ಟಿಕೆಟ್ಟಿಗೆ ಬದಲಿಸಿಕೊಳ್ಳಬಹುದಾದ ಪಾಯಿಂಟ್‌ಗಳು, ಲುಫ್ತಾನ್ಸಾದ ಖಾತೆಗೇ ಸೇರಬೇಕೆಂಬ ನಿಯಮವೇನಿಲ್ಲ. ಏರ್ ಇಂಡಿಯಾದ ಮಹಾರಾಜ ಕ್ಲಬ್‌ಗೆ ಹಾಕಿಸಬಹುದು, ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್‌ಗೆ ಹಾಕಿಸಬಹುದು, ಏರ್ ಕೆನಡಾದ ಏರೋಪ್ಲಾನ್‌ಗೂ ಹಾಕಿಸಬಹುದು. ಇವೆಲ್ಲ ಸ್ಟಾರ್ ಅಲಯನ್ಸ್ ಎಂಬ ಒಂದೇ ಒಕ್ಕೂಟದ ಸಂಸ್ಥೆಗಳು. ಆದರೆ ಒಂದು ಪ್ರಯಾಣದ ಮೈಲ್ಸ್ ಒಂದೇ ಖಾತೆಗೆ. ಒಮ್ಮೆ ಸೇರಿದ ಮೇಲೆ ಇನ್ನೊಂದಕ್ಕೆ ಬದಲಿಸಲು ಸಾಮಾನ್ಯವಾಗಿ ದಾರಿಯಿರುವುದಿಲ್ಲ. ಹೆಚ್ಚಿನವರು ಚೆಕ್-ಇನ್ ಹೊತ್ತಿನಲ್ಲಿ ಕೈಗೆ ಸಿಕ್ಕಿದ ಸದಸ್ಯತ್ವದ ಸಂಖ್ಯೆ ಹಾಕಿ ಸುಮ್ಮನಾಗುತ್ತಾರೆ. ಆ ಒಂದು ಸಂಖ್ಯೆಯ ಮೇಲೆ ಮೈಲ್ಸ್ ಎಷ್ಟು ಬರುತ್ತವೆ, ಎಷ್ಟು ದಿನ ಬಾಳುತ್ತವೆ, ಯಾವ ಸೀಟು ಕೊಡಿಸುತ್ತವೆ ಎಂಬುದೆಲ್ಲ ನಿಂತಿದೆ.

ಇಲ್ಲಿ ಹೋಲಿಸುತ್ತಿರುವುದು ಬೆಂಗಳೂರಿನ ಪ್ರಯಾಣಿಕರಿಗೆ ನಿಜವಾಗಿ ಎದುರಾಗುವ ಐದು ಮೈಲ್ಸ್ ಕಾರ್ಯಕ್ರಮಗಳನ್ನು: ಏರ್ ಇಂಡಿಯಾದ ಮಹಾರಾಜ ಕ್ಲಬ್, ಇಂಡಿಗೋದ ಬ್ಲೂಚಿಪ್, ಸಿಂಗಪುರದ ಕ್ರಿಸ್‌ಫ್ಲೈಯರ್, ಬ್ರಿಟಿಷ್ ಏರ್‌ವೇಸ್ ಮತ್ತು ಕತಾರ್ ಏರ್‌ವೇಸ್ ಎರಡೂ ಬಳಸುವ ಏವಿಯೋಸ್, ಎಮಿರೇಟ್ಸ್‌ನ ಸ್ಕೈವರ್ಡ್ಸ್. ಇವುಗಳನ್ನು ಬಳಸಿ, ಲೆಕ್ಕ ಹಾಕಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಯಾರು ಹೆಚ್ಚು ಮೈಲ್ಸ್ ಕೊಡುತ್ತಾರೆ ಎಂದು ನೋಡಿ ಖಾತೆ ಆರಿಸುವುದು ತಲೆಕೆಳಗಾದ ಕ್ರಮ. ಆ ಮೈಲ್ಸ್ ಎಲ್ಲಿ, ಯಾವ ಸೀಟಿಗೆ, ಯಾರಿಗಾಗಿ ಖರ್ಚಾಗಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಖಾತೆಯ ಆಯ್ಕೆ ಅದರ ಹಿಂದೆ ಬರುತ್ತದೆ.

ವಿಮಾನ ಸಂಸ್ಥೆಗೆ ಇದರಿಂದ ಏನು ಸಿಗುತ್ತದೆ

ಇದು ಗೊತ್ತಿಲ್ಲದಿದ್ದರೆ ಮುಂದಿನ ಹೋಲಿಕೆ ಅರ್ಧ ಮಾತ್ರ ಅರ್ಥವಾಗುತ್ತದೆ. 1978ರಲ್ಲಿ ಅಮೆರಿಕ ಸರ್ಕಾರ ವಿಮಾನ ದರದ ಮೇಲಿನ ಹಿಡಿತ ಬಿಟ್ಟಿತು. ದರ ಸಮರ ಶುರುವಾಯಿತು. ಗಿರಾಕಿಯನ್ನು ಹಿಡಿದಿಡಲು 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಅಡ್ವಾಂಟೇಜ್ ಕಾರ್ಯಕ್ರಮ ಶುರುಮಾಡಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ಮೈಲೇಜ್ ಪ್ಲಸ್ ಹಿಂಬಾಲಿಸಿತು. ಆಗಿನ ಲೆಕ್ಕ ಸರಳ: ಖಾಲಿ ಹೋಗಲಿರುವ ಸೀಟನ್ನು ಕೊಟ್ಟರೆ ಸಂಸ್ಥೆಗೆ ತಗಲುವುದು ಊಟ, ಸ್ವಲ್ಪ ಇಂಧನ, ಒಂದಿಷ್ಟು ಕಾಗದದ ಕೆಲಸ. ಪ್ರಯಾಣಿಕನ ಕಣ್ಣಿಗೆ ಮಾತ್ರ ಅದು ಪೂರ್ತಿ ಟಿಕೆಟ್ಟಿನ ಬೆಲೆ. ಕಂಪನಿಯ ದುಡ್ಡಿನಲ್ಲಿ ಓಡಾಡುವವರ ಮಟ್ಟಿಗಂತೂ ಟಿಕೆಟ್ಟಿನ ಹಣ ಕೊಡುವವರು ಒಬ್ಬರು, ಮೈಲ್ಸ್ ಪಡೆಯುವವರು ಇನ್ನೊಬ್ಬರು. ಹಾಗಾಗಿ ದರ ತುಸು ಹೆಚ್ಚಾದರೂ ಅದೇ ಸಂಸ್ಥೆಯ ವಿಮಾನ ಹತ್ತುವ ಆಸೆ ಉಳಿಯುತ್ತಿತ್ತು.

ಈಗ ನಿಜವಾದ ಹಣ ಇರುವುದು ಬ್ಯಾಂಕಿನ ಬಳಿ. ವಿಮಾನ ಸಂಸ್ಥೆ ಮೈಲ್ಸನ್ನು ಬ್ಯಾಂಕಿಗೆ ಸಗಟಾಗಿ ಮಾರುತ್ತದೆ, ಬ್ಯಾಂಕ್ ಅದನ್ನು ಕಾರ್ಡ್ ಬಳಸುವವರಿಗೆ ಹಂಚುತ್ತದೆ. ಸಂಸ್ಥೆಗೆ ನಗದು ಇಂದೇ ಬರುತ್ತದೆ, ಸೀಟು ಕೊಡುವುದು ಮುಂದೆಂದೋ. ಲೆಕ್ಕಪತ್ರದಲ್ಲಿ ಅದು ಇನ್ನೂ ಗಳಿಸದ ಆದಾಯವಾಗಿ, ಅಂದರೆ ಹೊಣೆಯಾಗಿ ಕೂರುತ್ತದೆ. ಯಾರೂ ಬಳಸದೆ ಬಿಡುವ ಪಾಲನ್ನು ಮೊದಲೇ ಅಂದಾಜು ಮಾಡಿ ಆದಾಯಕ್ಕೆ ಸೇರಿಸಿಕೊಳ್ಳುತ್ತಾರೆ. ಡೆಲ್ಟಾ ವಿಮಾನ ಸಂಸ್ಥೆಗೆ 2023ರಲ್ಲಿ ಕಾರ್ಡ್ ಕಂಪನಿ ಅಮೆರಿಕನ್ ಎಕ್ಸ್‌ಪ್ರೆಸ್‌ನಿಂದ ಬಂದದ್ದು ಸುಮಾರು 680 ಕೋಟಿ ಡಾಲರ್. 2020ರ ಕೋವಿಡ್ ದಿನಗಳಲ್ಲಿ ವಿಮಾನಗಳು ನೆಲ ಬಿಟ್ಟು ಏಳದಿದ್ದಾಗ ಯುನೈಟೆಡ್ ಸಾಲಕ್ಕೆ ಒತ್ತೆಯಿಟ್ಟದ್ದು ಮೈಲೇಜ್ ಪ್ಲಸ್ ಅನ್ನು. 680 ಕೋಟಿ ಡಾಲರ್ ಎತ್ತಿತು. ಆ ಕಾರ್ಯಕ್ರಮಕ್ಕೆ ಕಟ್ಟಿದ ಬೆಲೆ ಸುಮಾರು 2,190 ಕೋಟಿ ಡಾಲರ್. ಆಗ ಷೇರುಪೇಟೆಯಲ್ಲಿ ಇಡೀ ಯುನೈಟೆಡ್ ಸಂಸ್ಥೆಗಿದ್ದ ಬೆಲೆ ಅದಕ್ಕಿಂತ ಕಡಿಮೆ. 2021ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕೂಡ ಅಡ್ವಾಂಟೇಜ್ ಅನ್ನು ಮುಂದಿಟ್ಟು 1,000 ಕೋಟಿ ಡಾಲರ್ ತಂದಿತು.

ಪ್ರಯಾಣಿಕರು ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಮೈಲ್ಸ್ ಎಂಬ ಹಣವನ್ನು ಅಚ್ಚು ಹಾಕುವುದು, ಅದರಿಂದ ಕೊಳ್ಳಬಹುದಾದ ಸೀಟಿನ ಬೆಲೆ ನಿಗದಿ ಮಾಡುವುದು, ನಿಯಮ ಬದಲಿಸುವುದು ಮೂರೂ ಒಂದೇ ಕೈ. ಹೆಚ್ಚು ಅಚ್ಚು ಹಾಕಿದಷ್ಟೂ ಬೆಲೆ ಇಳಿಯುತ್ತದೆ. 2014ರಲ್ಲಿ ನಾರ್ತ್‌ವೆಸ್ಟ್ ವಿರುದ್ಧ ಗಿನ್ಸ್‌ಬರ್ಗ್ ಪ್ರಕರಣದಲ್ಲಿ, ಸದಸ್ಯತ್ವ ರದ್ದಾದವರ ದೂರನ್ನು, ವಿಮಾನ ದರದ ಹಿಡಿತ ಬಿಟ್ಟ ಅದೇ 1978ರ ಕಾಯ್ದೆಯ ಆಧಾರದ ಮೇಲೆ, ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಂದರೆ ಖಾತೆಯಲ್ಲಿರುವ ಮೈಲ್ಸನ್ನು ಬ್ಯಾಂಕಿನ ಠೇವಣಿಯಂತೆ ಕಾಣಲಾಗದು.

ನಮ್ಮಲ್ಲೇ ಮೂರು ಬಗೆಯ ಉದಾಹರಣೆಗಳಿವೆ. ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು; ಕಿಂಗ್ ಕ್ಲಬ್‌ನ ಮೈಲ್ಸ್ ಇಟ್ಟುಕೊಂಡವರ ಕೈಯಲ್ಲಿ ಏನೂ ಉಳಿಯಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತರೂ ಜೆಟ್ ಪ್ರಿವಿಲೇಜ್ ಬದುಕಿತು. ಏಕೆಂದರೆ ಅದು ಆ ಹೊತ್ತಿಗೆ ಬೇರೆ ಕಂಪನಿಯಾಗಿತ್ತು, ಅದರ ಶೇ. 50.1 ಪಾಲು ಎತಿಹಾದ್ ಕೈಯಲ್ಲಿತ್ತು. ಹೆಸರು ಇಂಟರ್‌ಮೈಲ್ಸ್ ಆಯಿತು. ಮೈಲ್ಸ್ ಉಳಿದವು, ಆದರೆ ಅವುಗಳನ್ನು ಗಳಿಸುವಾಗ ಮನಸ್ಸಿನಲ್ಲಿದ್ದ ಜೆಟ್ ಸೀಟುಗಳು ಇರಲಿಲ್ಲ. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದೊಳಗೆ ಸೇರಿದಾಗ ಕ್ಲಬ್ ವಿಸ್ತಾರದ ಒಂದು ಪಾಯಿಂಟಿಗೆ ಮಹಾರಾಜ ಕ್ಲಬ್‌ನ ಒಂದು ಪಾಯಿಂಟ್ ಸಿಕ್ಕಿತು. ಲೆಕ್ಕ ಸರಿಸಮ, ಆದರೆ ಅವುಗಳನ್ನು ಖರ್ಚು ಮಾಡುವ ನಿಯಮಗಳು ಮಾತ್ರ ಹೊಸವು. ಆದ್ದರಿಂದ ಮೈಲ್ಸನ್ನು ವರ್ಷಗಟ್ಟಲೆ ಕೂಡಿಡುವುದನ್ನು ನಾವು ಯಾರಿಗೂ ಹೇಳುವುದಿಲ್ಲ. ಒಂದು ಪ್ರಯಾಣಕ್ಕೆ ಬೇಕಾದಷ್ಟು ಆದ ಕೂಡಲೇ ಬಳಸಿಬಿಡಬೇಕು.

ಒಂದು ಪಾಯಿಂಟಿನ ಬೆಲೆ ಎಷ್ಟು: ಲೆಕ್ಕ ಹಾಕುವ ಕ್ರಮ

ನೀವು ನಿಜವಾಗಿ ಕೈಯಿಂದ ಕೊಡಲು ತಯಾರಿರುವ ಟಿಕೆಟ್ ದರ ತೆಗೆದುಕೊಳ್ಳಿ. ಅದರಿಂದ ರಿವಾರ್ಡ್ ಟಿಕೆಟ್ಟಿಗೂ (ಪಾಯಿಂಟ್ ಕೊಟ್ಟು ಪಡೆಯುವ ಟಿಕೆಟ್) ಕಟ್ಟಬೇಕಾದ ತೆರಿಗೆ, ಶುಲ್ಕ ಕಳೆಯಿರಿ. ಉಳಿದದ್ದನ್ನು ಬೇಕಾಗುವ ಪಾಯಿಂಟ್‌ಗಳಿಂದ ಭಾಗಿಸಿ. ಉದಾಹರಣೆಗೆಂದು, ಟಿಕೆಟ್ ದರ 62,000 ರೂಪಾಯಿ, ರಿವಾರ್ಡ್‌ಗೆ 40,000 ಪಾಯಿಂಟ್ ಮತ್ತು 14,000 ರೂಪಾಯಿ ಎಂದಿಟ್ಟುಕೊಳ್ಳಿ. 48,000ವನ್ನು 40,000ದಿಂದ ಭಾಗಿಸಿದರೆ ಪಾಯಿಂಟಿಗೆ 1 ರೂಪಾಯಿ 20 ಪೈಸೆ. ಇಲ್ಲಿಗೆ ನಿಲ್ಲಿಸುವವರು ಹೆಚ್ಚು. ಆದರೆ ದುಡ್ಡು ಕೊಟ್ಟು ಹೋಗಿದ್ದರೆ ಆ ಪ್ರಯಾಣದಿಂದಲೂ 3,000 ಪಾಯಿಂಟ್ ಬರುತ್ತಿತ್ತು ಎನ್ನಿ. ಅದನ್ನು ಭಾಜಕಕ್ಕೆ ಸೇರಿಸಬೇಕು: 43,000. ಆಗ ಬೆಲೆ 1 ರೂಪಾಯಿ 12 ಪೈಸೆಯ ಹತ್ತಿರ.

ಬಿಸಿನೆಸ್ ಕ್ಲಾಸ್‌ಗೆ ಇದೇ ಲೆಕ್ಕ ಹಾಕಿ ಪಾಯಿಂಟಿಗೆ ನಾಲ್ಕು ರೂಪಾಯಿ ಸಿಕ್ಕಿತೆಂದು ಹಿಗ್ಗುವವರಿದ್ದಾರೆ. ಎರಡು ಲಕ್ಷ ಕೊಟ್ಟು ಆ ಸೀಟನ್ನು ನೀವು ಎಂದೂ ಕೊಳ್ಳುವುದಿಲ್ಲ ಎಂದಾದರೆ ಆ ಎರಡು ಲಕ್ಷ ನಿಮ್ಮ ಲೆಕ್ಕಕ್ಕೆ ಬರಕೂಡದು. ಆ ಸೀಟಿಗೆ ನೀವು ಹೆಚ್ಚೆಂದರೆ ಎಷ್ಟು ಕೊಟ್ಟೀರೋ ಅದನ್ನೇ ಬರೆಯಿರಿ. ಅರವತ್ತು ದಾಟಿದ ತಂದೆ-ತಾಯಿಯನ್ನು ಹದಿನೈದು-ಹದಿನಾರು ಗಂಟೆಯ ಪ್ರಯಾಣಕ್ಕೆ ಕಳಿಸುವಾಗ ಆ ಮೊತ್ತ ದೊಡ್ಡದೇ ಇರಬಹುದು. ಅದು ನಿಜವಾದ ಬೆಲೆಯೇ.

ದೇಶದೊಳಗೆ: ಮಹಾರಾಜ ಕ್ಲಬ್ ಮತ್ತು ಬ್ಲೂಚಿಪ್

ಇಂಡಿಗೋ 2006ರಲ್ಲಿ ಶುರುವಾಗಿ, ಬ್ಯಾಂಕ್ ಕಾರ್ಡಿನ ಜತೆಗಿದ್ದ ರಿವಾರ್ಡ್ ಬಿಟ್ಟರೆ, 2024ರವರೆಗೆ ಪ್ರಯಾಣಿಕರಿಗೆಂದು ಲಾಯಲ್ಟಿ ಕಾರ್ಯಕ್ರಮವನ್ನೇ ಮಾಡಲಿಲ್ಲ. ದೇಶದ ಮಾರುಕಟ್ಟೆಯ ಶೇ. 60ಕ್ಕಿಂತ ಹೆಚ್ಚು ಪಾಲು ಹಿಡಿದಿರುವ ಸಂಸ್ಥೆಗೆ ಗಿರಾಕಿಯನ್ನು ಕಟ್ಟಿಹಾಕುವ ತುರ್ತು ಇರಲಿಲ್ಲ. ಬ್ಲೂಚಿಪ್ ಬಂದದ್ದು ಬಿಸಿನೆಸ್ ಸೀಟುಗಳೂ ದೂರದ ಮಾರ್ಗಗಳೂ ಅದರ ಯೋಜನೆಯಲ್ಲಿ ಸೇರಿದ ಮೇಲೆ. ಸದಸ್ಯತ್ವಕ್ಕೆ ಬ್ಲೂ 3, ಬ್ಲೂ 2, ಬ್ಲೂ 1 ಎಂದು ಮೂರು ಮೆಟ್ಟಿಲು. ಖರ್ಚಿನ ಆಧಾರದ ಮೇಲೆ ಬ್ಲೂಚಿಪ್ ಎಂಬ ಪಾಯಿಂಟ್ ಬರುತ್ತದೆ, ಟಿಕೆಟ್ ದರ ಏರಿದರೆ ಅದನ್ನು ಪಡೆಯಲು ಬೇಕಾಗುವ ಬ್ಲೂಚಿಪ್ ಕೂಡ ಏರುತ್ತದೆ. ಇದರ ಒಳ್ಳೆಯ ಗುಣ ಸರಳತೆ: ಸೀಟು ಮಾರಾಟಕ್ಕಿದ್ದರೆ ಬ್ಲೂಚಿಪ್‌ಗೂ ಸಿಗುತ್ತದೆ ಎಂಬ ನಿರೀಕ್ಷೆ ಇಟ್ಟುಕೊಳ್ಳಬಹುದು. ಕೊರತೆಯೂ ಅದರಲ್ಲೇ ಇದೆ. ದರಕ್ಕೆ ಅಂಟಿಕೊಂಡ ಪಾಯಿಂಟಿನಿಂದ ದೊಡ್ಡ ಲಾಭದ ಟಿಕೆಟ್ ಹುಡುಕಿ ತೆಗೆಯಲು ಆಗುವುದಿಲ್ಲ. ಅದು ರಿಯಾಯಿತಿ ಕೂಪನ್‌ನ ಹಾಗೆ. ಇಂಡಿಗೋ ಯಾವ ಒಕ್ಕೂಟದಲ್ಲೂ ಇಲ್ಲವಾದ್ದರಿಂದ ಜಗತ್ತಿನಾದ್ಯಂತ ಹತ್ತಿಪ್ಪತ್ತು ಸಂಸ್ಥೆಗಳ ಸೀಟಿಗೆ ಇದು ಬಾಗಿಲು ತೆರೆಯುವುದಿಲ್ಲ.

ಮಹಾರಾಜ ಕ್ಲಬ್ ಎಂದರೆ ಹಳೆಯ ಫ್ಲೈಯಿಂಗ್ ರಿಟರ್ನ್ಸ್. 2024ರ ಏಪ್ರಿಲ್‌ನಲ್ಲಿ ಅದು ದೂರದ ಲೆಕ್ಕ ಬಿಟ್ಟು ಖರ್ಚಿನ ಲೆಕ್ಕಕ್ಕೆ ಬಂತು. ಮೆಟ್ಟಿಲುಗಳು ರೆಡ್, ಸಿಲ್ವರ್, ಗೋಲ್ಡ್, ಪ್ಲಾಟಿನಂ. 24 ತಿಂಗಳಲ್ಲಿ ಒಮ್ಮೆಯಾದರೂ ಹಾರಿದರೆ ಪಾಯಿಂಟ್‌ಗಳು ಸಾಯುವುದಿಲ್ಲ. ಇದನ್ನು ಬೆಂಗಳೂರು–ದೆಹಲಿ ಎಕಾನಮಿ ಸೀಟಿಗೆ ಸುರಿಯುವುದು ಅದರ ದುರ್ಬಲ ಬಳಕೆ. 5,200 ರೂಪಾಯಿಯ ಟಿಕೆಟ್ಟಿಗೆ 9,000 ಪಾಯಿಂಟ್ ಮತ್ತು 1,000 ರೂಪಾಯಿ ಕೇಳಿದರೆ ಪಾಯಿಂಟಿಗೆ 47 ಪೈಸೆಯೂ ಹುಟ್ಟುವುದಿಲ್ಲ. ಅದರ ಬಲ ಇರುವುದು 2014ರ ಜುಲೈಯಿಂದ ಏರ್ ಇಂಡಿಯಾ ಸದಸ್ಯವಾಗಿರುವ ಸ್ಟಾರ್ ಅಲಯನ್ಸ್‌ನಲ್ಲಿ. ಪಾಯಿಂಟ್‌ಗಳಿಂದ ಲುಫ್ತಾನ್ಸಾ, ಸಿಂಗಪುರ್, ಯುನೈಟೆಡ್ ಮೊದಲಾದವುಗಳ ಸೀಟು ಕೇಳಬಹುದು.

ಹಾಗಾದರೆ ಎರಡರಲ್ಲಿ ಯಾವುದು? ವರ್ಷಕ್ಕೊಮ್ಮೆ ವಿದೇಶಕ್ಕೂ ಹೋಗುವವರಿಗೆ ಮಹಾರಾಜ ಕ್ಲಬ್. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯಂಥ ಊರುಗಳ ನಡುವೆ, ದೇಶದೊಳಗೆ ಮಾತ್ರ ಓಡಾಡುವವರಿಗೆ ಸಮಯ ಹೊಂದುವ ವಿಮಾನವೇ ಮುಖ್ಯ. ಪಾಯಿಂಟ್ ನೋಡಿ 400 ರೂಪಾಯಿ ಹೆಚ್ಚಿನ ಟಿಕೆಟ್ ಕೊಂಡರೆ ಆ ಪಾಯಿಂಟ್ ಅಷ್ಟನ್ನು ತೀರಿಸಿಕೊಡುವುದಿಲ್ಲ. ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಹೋಗಿಬರುವವರಿಗೂ ಇದೇ ಮಾತು. ಆ ಮಾರ್ಗ ಕಡಿಮೆ ದರದ ವಿಮಾನಗಳದ್ದು. ದರ, ಲಗೇಜಿನ ಕಿಲೋ, ಇಳಿಯುವ ಹೊತ್ತು ನೋಡಿ ಟಿಕೆಟ್ ಮಾಡಿ. ಮೈಲ್ಸ್ ಬಂದರೆ ಬರಲಿ.

ವಿದೇಶಕ್ಕೆ: ಕ್ರಿಸ್‌ಫ್ಲೈಯರ್, ಏವಿಯೋಸ್, ಸ್ಕೈವರ್ಡ್ಸ್

ವ್ಯತ್ಯಾಸ ದೊಡ್ಡದಾಗಿ ಕಾಣುವುದು ಇಲ್ಲಿ. ಮೊದಲನೆಯದಾಗಿ, ಸೀಟಿನ ಜತೆ ಕಟ್ಟಬೇಕಾದ ನಗದು. ಕೆಲವು ಸಂಸ್ಥೆಗಳು ಸರ್ಕಾರದ ತೆರಿಗೆಯಲ್ಲದೆ ತಮ್ಮದೇ ಒಂದು ಶುಲ್ಕವನ್ನು ರಿವಾರ್ಡ್ ಟಿಕೆಟ್ ಮೇಲೂ ಹೇರುತ್ತವೆ. ಹಿಂದೆ ಇಂಧನ ಸರ್‌ಚಾರ್ಜ್ ಎನ್ನುತ್ತಿದ್ದರು. ಟಿಕೆಟ್ಟಿನ ವಿವರದಲ್ಲಿ ವೈಕ್ಯೂ ಅಥವಾ ವೈಆರ್ ಎಂಬ ಎರಡಕ್ಷರದ ಮುಂದೆ ಆ ಮೊತ್ತ ಕಾಣುತ್ತದೆ. ಸಿಂಗಪುರ್ ಏರ್‌ಲೈನ್ಸ್ 2017ರಲ್ಲಿ ತನ್ನ ವಿಮಾನಗಳ ರಿವಾರ್ಡ್ ಟಿಕೆಟ್‌ಗಳಿಂದ ಇದನ್ನು ಕೈಬಿಟ್ಟಿತು. ಬ್ರಿಟಿಷ್ ಏರ್‌ವೇಸ್ ಮತ್ತು ಎಮಿರೇಟ್ಸ್ ಇಂದಿಗೂ ವಸೂಲಿ ಮಾಡುತ್ತವೆ. ದೂರದ ಬಿಸಿನೆಸ್ ಕ್ಲಾಸ್‌ನಲ್ಲಿ ಈ ಮೊತ್ತ ಎಕಾನಮಿ ಟಿಕೆಟ್ಟಿನ ದರದ ಹತ್ತಿರಕ್ಕೂ ಹೋಗಬಹುದು. ಬ್ರಿಟಿಷ್ ಏರ್‌ವೇಸ್ ಒಂದೇ ಸೀಟಿಗೆ ಹೆಚ್ಚು ಏವಿಯೋಸ್ ಕಡಿಮೆ ನಗದು, ಕಡಿಮೆ ಏವಿಯೋಸ್ ಹೆಚ್ಚು ನಗದು ಎಂದು ಹಲವು ಆಯ್ಕೆ ಮುಂದಿಡುತ್ತದೆ. ಪ್ರತಿಯೊಂದಕ್ಕೂ ಮೇಲಿನ ಭಾಗಾಕಾರ ಮಾಡಿ ನೋಡಿದರೆ ಯಾವುದು ಅಗ್ಗವೆಂದು ತಕ್ಷಣ ತಿಳಿಯುತ್ತದೆ.

ಲಂಡನ್ ವಿಷಯದಲ್ಲಿ ದಿಕ್ಕೂ ಮುಖ್ಯ. ಬ್ರಿಟನ್ನಿನಿಂದ ಹೊರಡುವವರಿಗೆ ಅಲ್ಲಿನ ಸರ್ಕಾರ ವಿಮಾನ ಪ್ರಯಾಣಿಕರ ಸುಂಕ ಹಾಕುತ್ತದೆ. 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ ಭಾರತದಷ್ಟು ದೂರಕ್ಕೆ ಎಕಾನಮಿಗೆ 90 ಪೌಂಡ್, ಮೇಲಿನ ದರ್ಜೆಗೆ 216 ಪೌಂಡ್ ಇತ್ತು. ಇದನ್ನು ಏವಿಯೋಸ್‌ನಿಂದ ತಪ್ಪಿಸಿಕೊಳ್ಳಲಾಗದು. ಬೆಂಗಳೂರಿನಿಂದ ಲಂಡನ್ನಿಗೆ ಹೋಗುವಾಗ ಈ ಸುಂಕವಿಲ್ಲ. ಹಾಗಾಗಿ ಹೋಗುವಾಗ ಏವಿಯೋಸ್‌ನಲ್ಲಿ ಬಿಸಿನೆಸ್, ಬರುವಾಗ ಎಕಾನಮಿ ಎಂದು ಬೇರೆ ಬೇರೆ ಟಿಕೆಟ್ ಮಾಡುವುದು ಲೆಕ್ಕಕ್ಕೆ ಹೊಂದುತ್ತದೆ. ಹದಿನಾರು ವರ್ಷದೊಳಗಿನ ಮಕ್ಕಳಿಗೆ ಎಕಾನಮಿಯಲ್ಲಿ ಈ ಸುಂಕ ಇಲ್ಲವೆಂಬುದು ಕುಟುಂಬಗಳಿಗೆ ನೆನಪಿರಲಿ. ಲಂಡನ್ನಿನಲ್ಲಿ ವಿಮಾನ ಬದಲಿಸಿ 24 ಗಂಟೆಯೊಳಗೆ ಮುಂದೆ ಹೋಗುವವರಿಗೂ ಒಂದೇ ಟಿಕೆಟ್ಟಿನಲ್ಲಿದ್ದರೆ ಇದು ತಗಲುವುದಿಲ್ಲ.

ಎರಡನೆಯದು ಮೈಲ್ಸ್‌ನ ಆಯುಷ್ಯ. ಕ್ರಿಸ್‌ಫ್ಲೈಯರ್ ಮೈಲ್ಸ್ ಗಳಿಸಿದ 36 ತಿಂಗಳಿಗೆ ಮುಗಿಯುತ್ತವೆ. ನಡುವೆ ಎಷ್ಟು ಹಾರಿದರೂ ಹಳೆಯವು ಹಳೆಯವೇ. ಶುಲ್ಕ ಕೊಟ್ಟು ಆರು ತಿಂಗಳು ಮುಂದೂಡಬಹುದು ಅಷ್ಟೆ. ಸ್ಕೈವರ್ಡ್ಸ್‌ನದೂ ಮೂರು ವರ್ಷ, ಕೊನೆಯ ದಿನವನ್ನು ಸದಸ್ಯರ ಹುಟ್ಟಿದ ತಿಂಗಳಿಗೆ ಜೋಡಿಸಿದ್ದಾರೆ. ಏವಿಯೋಸ್ ಮಾತ್ರ ಬೇರೆ: 36 ತಿಂಗಳಲ್ಲಿ ಒಂದಿಷ್ಟು ಗಳಿಸಿದರೂ ಖರ್ಚು ಮಾಡಿದರೂ ಇಡೀ ಮೊತ್ತದ ಗಡುವು ಮತ್ತೆ ಮುಂದಕ್ಕೆ ಹೋಗುತ್ತದೆ. ಎರಡು-ಮೂರು ವರ್ಷಕ್ಕೊಮ್ಮೆ ಮಾತ್ರ ಮಕ್ಕಳನ್ನು ನೋಡಲು ವಿದೇಶಕ್ಕೆ ಹೋಗುವ ಹಿರಿಯರಿಗೆ ಇದೊಂದೇ ಕಾರಣಕ್ಕೆ ಏವಿಯೋಸ್ ಹೊಂದುತ್ತದೆ.

ಮೂರನೆಯದು ಮನೆಯವರ ಮೈಲ್ಸ್ ಒಟ್ಟು ಸೇರಿಸುವ ಅನುಕೂಲ. ಸ್ಕೈವರ್ಡ್ಸ್‌ನ ಮೈ ಫ್ಯಾಮಿಲಿಯಲ್ಲಿ ಎಂಟು ಜನರ ಮೈಲ್ಸ್ ಒಂದೇ ಗಂಟಿಗೆ ಬರುತ್ತವೆ. ಬ್ರಿಟಿಷ್ ಏರ್‌ವೇಸ್‌ನಲ್ಲೂ ಕುಟುಂಬದ ಖಾತೆಯಿದೆ, ಆದರೆ ಎಲ್ಲರ ವಿಳಾಸ ಒಂದೇ ಇರಬೇಕು. ಕ್ರಿಸ್‌ಫ್ಲೈಯರ್‌ನಲ್ಲಿ ಗಂಟು ಕಟ್ಟುವ ವ್ಯವಸ್ಥೆಯಿಲ್ಲ. ಬದಲಿಗೆ ಐದು ಜನರ ಹೆಸರು ನೋಂದಾಯಿಸಿ ನಿಮ್ಮ ಮೈಲ್ಸ್‌ನಿಂದ ಅವರಿಗೆ ಟಿಕೆಟ್ ಮಾಡಿಸಬಹುದು. ಗಂಡ, ಹೆಂಡತಿ, ಇಬ್ಬರು ಮಕ್ಕಳು ವರ್ಷಕ್ಕೊಮ್ಮೆ ದುಬೈ ಮಾರ್ಗವಾಗಿ ಹೋಗಿಬರುವುದಾದರೆ ನಾಲ್ಕು ಕಡೆ ಚದುರುವ ಸಣ್ಣ ಮೊತ್ತಗಳು ಒಂದೆಡೆ ಸೇರುವುದರಿಂದ ಸ್ಕೈವರ್ಡ್ಸ್‌ಗೆ ಇಲ್ಲಿ ಸ್ಪಷ್ಟ ಮೇಲುಗೈ.

ಸೀಟು ಸಿಗುವ ಸಾಧ್ಯತೆಯಲ್ಲಿ ಮಾತ್ರ ನಮ್ಮ ಒಲವು ಕ್ರಿಸ್‌ಫ್ಲೈಯರ್ ಮತ್ತು ಏವಿಯೋಸ್ ಕಡೆಗೆ. ಸಿಂಗಪುರ್ ಏರ್‌ಲೈನ್ಸ್ ತನ್ನ ದೂರದ ಮಾರ್ಗಗಳ ಮೇಲ್ದರ್ಜೆಯ ಸೀಟುಗಳನ್ನು ಹೆಚ್ಚಾಗಿ ತನ್ನ ಸದಸ್ಯರಿಗೇ ಕಾಯ್ದಿಡುತ್ತದೆ. ಮಹಾರಾಜ ಕ್ಲಬ್ ಪಾಯಿಂಟ್‌ನಿಂದ ಹುಡುಕಿದರೆ ಕಾಣದ ಸೀಟು ಕ್ರಿಸ್‌ಫ್ಲೈಯರ್‌ನಲ್ಲಿ ಕಾಣುವುದು ಅದಕ್ಕೇ. ಕಡಿಮೆ ಮೈಲ್ಸ್‌ಗೆ ಸಿಗುವ ಸೇವರ್ ದರದ ಸೀಟು ಮುಗಿದರೆ ವೇಟ್‌ಲಿಸ್ಟ್‌ನಲ್ಲಿ ಹೆಸರು ಹಾಕಬಹುದು. ಬೆಂಗಳೂರು–ಸಿಂಗಪುರ–ಆಸ್ಟ್ರೇಲಿಯದಂಥ ಮಾರ್ಗದಲ್ಲಿ ಹೋಗಿಬರುವ ಸೇವರ್ ಟಿಕೆಟ್ ಮಾಡಿದರೆ ಸಿಂಗಪುರದಲ್ಲಿ ಒಂದು ಸಲ ಇಳಿದು ಕೆಲವು ದಿನ ನಿಲ್ಲಲು ಅವಕಾಶವಿದೆ. ಪ್ರತಿ ತಿಂಗಳು ಆಯ್ದ ಊರುಗಳಿಗೆ ಶೇ. 30ರಷ್ಟು ಕಡಿಮೆ ಮೈಲ್ಸ್‌ನ ಕೊಡುಗೆಯೂ ಬರುತ್ತದೆ, ಆದರೆ ಆ ಟಿಕೆಟ್ಟನ್ನು ಬದಲಿಸಲು, ರದ್ದು ಮಾಡಲು ಆಗುವುದಿಲ್ಲ.

ಏವಿಯೋಸ್‌ನ ಬಲ ಅದು ಹಲವು ಸಂಸ್ಥೆಗಳ ಸಮಾನ ನಾಣ್ಯವಾಗಿರುವುದು. ಬ್ರಿಟಿಷ್ ಏರ್‌ವೇಸ್, ಐಬೀರಿಯಾ, ಏರ್ ಲಿಂಗಸ್ ಜತೆಗೆ 2022ರಲ್ಲಿ ಕತಾರ್, 2024ರಲ್ಲಿ ಫಿನ್‌ಏರ್ ಸೇರಿದವು. ಖಾತೆಗಳನ್ನು ಜೋಡಿಸಿದರೆ ಒಂದಕ್ಕೊಂದರಂತೆ ಅತ್ತಿತ್ತ ಸಾಗಿಸಬಹುದು. ಲಂಡನ್ ಮಾರ್ಗದ ಶುಲ್ಕ ಭಾರವೆನಿಸಿದರೆ ಅದೇ ಏವಿಯೋಸನ್ನು ಕತಾರ್ ಖಾತೆಗೆ ಕಳಿಸಿ ದೋಹಾ ಮಾರ್ಗದ ದರ ನೋಡಿ. ಶ್ರೀಲಂಕನ್, ಮಲೇಷ್ಯಾ, ಜಪಾನ್ ಏರ್‌ಲೈನ್ಸ್‌ಗಳೂ ಬ್ರಿಟಿಷ್ ಏರ್‌ವೇಸ್, ಕತಾರ್ ಇರುವ ಒನ್‌ವರ್ಲ್ಡ್ ಎಂಬ ಒಕ್ಕೂಟದವು. ಬೆಂಗಳೂರು–ಕೊಲಂಬೊದಂಥ ಹತ್ತಿರದ ಹಾರಾಟಕ್ಕೆ ದೂರದ ಆಧಾರದ ಮೇಲೆ ಕಡಿಮೆ ಏವಿಯೋಸ್ ಸಾಕು.

ಸ್ಕೈವರ್ಡ್ಸ್ ಇಲ್ಲಿ ಹಿಂದೆ ಬೀಳುತ್ತದೆ. ಬೆಂಗಳೂರಿಗೆ 2022ರಿಂದ ಎಮಿರೇಟ್ಸ್‌ನ ಎರಡಂತಸ್ತಿನ ಎ380 ವಿಮಾನ ಬರುತ್ತಿದ್ದು, ಆ ಪ್ರಯಾಣದ ಸುಖದ ಬಗ್ಗೆ ಎರಡು ಮಾತಿಲ್ಲ. ಆದರೆ ಎಮಿರೇಟ್ಸ್ ಯಾವ ಒಕ್ಕೂಟದಲ್ಲೂ ಇಲ್ಲ, ಮೇಲ್ಶುಲ್ಕ ದೊಡ್ಡದು, 2025ರಿಂದ ಫಸ್ಟ್ ಕ್ಲಾಸ್ ರಿವಾರ್ಡ್ ಕೇಳಲು ಸಿಲ್ವರ್ ಅಥವಾ ಮೇಲಿನ ಮೆಟ್ಟಿಲು ಬೇಕು. ದುಡ್ಡಿನ ಜತೆ ಮೈಲ್ಸ್ ಬೆರೆಸಿ ಕೊಡುವ ಸೌಲಭ್ಯ ಆಕರ್ಷಕವಾಗಿ ಕಂಡರೂ ಮೈಲ್ಸ್‌ಗೆ ಸಿಗುವ ಬೆಲೆ ಕಡಿಮೆ. ಈಗಾಗಲೇ ಇರುವ ಮೈಲ್ಸನ್ನು ದುಬೈಯಿಂದಾಚೆಗೆ ಎಕಾನಮಿ ಟಿಕೆಟ್ಟನ್ನು ಬಿಸಿನೆಸ್‌ಗೆ ಏರಿಸಿಕೊಳ್ಳಲು ಬಳಸುವುದು ಮೇಲು. ಹಾಗೆ ಮಾಡುವ ಮೊದಲು ನೀವು ಕೊಂಡಿರುವ ದರ್ಜೆಯ ಟಿಕೆಟ್ಟಿಗೆ ಏರಿಕೆಗೆ ಅವಕಾಶವಿದೆಯೇ ಎಂದು ನೋಡಬೇಕು. ತೀರಾ ಅಗ್ಗದ ದರ್ಜೆಗೆ ಇರುವುದಿಲ್ಲ.

ಗೋಲ್ಡ್ ಕಾರ್ಡಿನ ಆಸೆ

ಸ್ಟಾರ್ ಅಲಯನ್ಸ್ ಗೋಲ್ಡ್ ಆದವರಿಗೆ ಲೌಂಜ್, ಬೇಗ ಚೆಕ್-ಇನ್, ಹೆಚ್ಚುವರಿ 20 ಕಿಲೋ ಅಥವಾ ಇನ್ನೊಂದು ಪೆಟ್ಟಿಗೆ. ಅಮೆರಿಕದಿಂದ ಊರಿಗೆ ಬಂದು ಚಟ್ನಿಪುಡಿ, ಸಾರಿನ ಪುಡಿ, ಉಪ್ಪಿನಕಾಯಿ ತುಂಬಿಕೊಂಡು ಹೋಗುವವರಿಗೆ ಆ ಪೆಟ್ಟಿಗೆ ನಿಜಕ್ಕೂ ಬೆಲೆಬಾಳುವಂಥದ್ದು. ಆದರೆ ಅಲ್ಲಿಗೆ ಏರುವ ಖರ್ಚು ನೋಡಿ. ಕ್ರಿಸ್‌ಫ್ಲೈಯರ್ ಗೋಲ್ಡ್‌ಗೆ ಹನ್ನೆರಡು ತಿಂಗಳಲ್ಲಿ 50,000 ಎಲೀಟ್ ಮೈಲ್ಸ್ (ಮೆಟ್ಟಿಲು ಏರಲು ಎಣಿಸುವ ಮೈಲ್ಸ್) ಬೇಕು. ಬೆಂಗಳೂರು–ಸಿಂಗಪುರ ಸುಮಾರು 1,970 ಮೈಲಿ. ಪೂರ್ತಿ ಮೈಲ್ಸ್ ಕೊಡುವ ಟಿಕೆಟ್ಟಿನಲ್ಲೂ ಹದಿಮೂರು ಸಲ ಹೋಗಿಬರಬೇಕು. ಬ್ರಿಟಿಷ್ ಏರ್‌ವೇಸ್ 2025ರ ಏಪ್ರಿಲ್‌ನಿಂದ ಒಂದು ಪೌಂಡ್ ಖರ್ಚಿಗೆ ಒಂದು ಟಿಯರ್ ಪಾಯಿಂಟ್ (ಅಲ್ಲಿ ಮೆಟ್ಟಿಲು ಏರಲು ಎಣಿಸುವ ಪಾಯಿಂಟ್) ಎಂದು ಮಾಡಿತು. ಲೌಂಜ್ ಕೊಡಿಸುವ ಸಿಲ್ವರ್‌ಗೆ 7,500 ಬೇಕು. ಬೋನಸ್‌ಗಳನ್ನು ಬದಿಗಿಟ್ಟರೆ ಅದು ತೆರಿಗೆ ಬಿಟ್ಟು ಎಂಟು ಲಕ್ಷ ರೂಪಾಯಿ ಮೀರಿದ ಖರ್ಚು. ಮೊದಲು ದೂರ ಮತ್ತು ದರ್ಜೆಯ ಲೆಕ್ಕವಿದ್ದಾಗ ಅಗ್ಗದ ಬಿಸಿನೆಸ್ ಟಿಕೆಟ್ ಹುಡುಕಿ ಏರುತ್ತಿದ್ದ ದಾರಿ ಮುಚ್ಚಿತು. ಕಂಪನಿ ಕಳಿಸುವ ಪ್ರಯಾಣಗಳಿಂದ ತಾನಾಗಿ ಬರುವುದಾದರೆ ಸರಿ. ಕೈಯಿಂದ ಹಣ ಹಾಕಿ ಮೆಟ್ಟಿಲು ಹತ್ತುವುದಕ್ಕಿಂತ ಬೇಕಾದಾಗ ಹೆಚ್ಚುವರಿ ಲಗೇಜನ್ನು ಮೊದಲೇ ಆನ್‌ಲೈನ್‌ನಲ್ಲಿ ಕೊಳ್ಳುವುದು ಅಗ್ಗ.

ಕಾರ್ಡ್‌ನಿಂದ ಮೈಲ್ಸ್

ಕಾರ್ಡಿನ ರಿವಾರ್ಡ್ ಬರುವುದು ಅಂಗಡಿಯವರಿಂದ ಬ್ಯಾಂಕಿಗೆ ಸಿಗುವ ಶುಲ್ಕದಿಂದ. ಯುರೋಪಿನಲ್ಲಿ 2015ರಲ್ಲಿ ಕ್ರೆಡಿಟ್ ಕಾರ್ಡಿನ ಈ ಇಂಟರ್‌ಚೇಂಜ್ ಶುಲ್ಕಕ್ಕೆ ಶೇ. 0.3ರ ಮಿತಿ ಬಂತು, ಅಲ್ಲಿನ ಮೈಲ್ಸ್ ಕಾರ್ಡುಗಳು ಸೊರಗಿದವು. ಅಮೆರಿಕದಲ್ಲಿ ಅಂಥ ಮಿತಿಯಿಲ್ಲ, ಆದ್ದರಿಂದಲೇ ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ಇರುವ ಕನ್ನಡಿಗರಿಗೆ ಒಂದೇ ಕಾರ್ಡಿನ ಸೇರ್ಪಡೆ ಬೋನಸ್‌ನಲ್ಲಿ ಊರಿಗೆ ಬರುವ ಟಿಕೆಟ್ಟೇ ಸಿಗುವುದುಂಟು. ನಮ್ಮಲ್ಲಿ ಪರಿಸ್ಥಿತಿ ನಡುವಿನದು. ಬಾಡಿಗೆ, ಇಂಧನ, ವ್ಯಾಲೆಟ್ ಖರ್ಚಿಗೆ ಹಲವು ಕಾರ್ಡುಗಳು ರಿವಾರ್ಡ್ ಕೊಡುವುದಿಲ್ಲ.

ಒಂದೇ ಸಂಸ್ಥೆಗೆ ಕಟ್ಟಿದ ಕಾರ್ಡಿಗಿಂತ ಹಲವು ಖಾತೆಗಳಿಗೆ ವರ್ಗಾಯಿಸಬಹುದಾದ ಪಾಯಿಂಟ್ ಕೊಡುವ ಕಾರ್ಡ್ ಒಳ್ಳೆಯದು. ಸೀಟು ಸಿಕ್ಕಿದ ಕಡೆಗೆ ಆಗ ಕಳಿಸಬಹುದು. ಆದರೆ ವರ್ಗಾವಣೆ ಒಮ್ಮುಖ, ಹಿಂದಕ್ಕೆ ಬರುವುದಿಲ್ಲ. ಮೊದಲು ಸೀಟು ನೋಡಿ, ತೆರಿಗೆಯ ಮೊತ್ತ ಬರುವ ಪುಟದವರೆಗೂ ಹೋಗಿ ಖಾತ್ರಿ ಮಾಡಿಕೊಳ್ಳಿ, ಆಮೇಲೆ ವರ್ಗಾಯಿಸಿ. ಪಾಲುದಾರ ಸಂಸ್ಥೆಯ ಸೀಟಾದರೆ ತೆರೆಯ ಮೇಲೆ ಕಾಣುವುದು ಟಿಕೆಟ್ ಮಾಡುವಾಗ ಇರದೇ ಹೋಗಬಹುದು. ಎರಡು ಕಂಪ್ಯೂಟರ್ ವ್ಯವಸ್ಥೆಗಳ ಮಾಹಿತಿ ತಾಳೆಯಾಗದಿರುವುದು ಇದಕ್ಕೆ ಕಾರಣ. ಅದೇ ಒಕ್ಕೂಟದ ಇನ್ನೊಂದು ಸಂಸ್ಥೆಯ ತಾಣದಲ್ಲೂ ಆ ಸೀಟು ಕಂಡರೆ ನಂಬಬಹುದು. ಮೈಲ್ಸ್ ಖಾತೆಗೆ ಬರಲು ಕೆಲವು ನಿಮಿಷದಿಂದ ಕೆಲವು ದಿನ ಹಿಡಿಯುತ್ತದೆ. ಒಂದೇ ಸೀಟು ಉಳಿದಿರುವ ವಿಮಾನಕ್ಕಾಗಿ ನಿಧಾನವಾದ ವರ್ಗಾವಣೆ ಮಾಡುವುದು ಬೇಡ.

ಮೈಲ್ಸ್ ಬರದೇ ಹೋಗುವುದು ಎಲ್ಲಿ

ಅತಿ ಹೆಚ್ಚು ಸಲ ಕೆಡುವುದು ಹೆಸರಿನಲ್ಲಿ. ನಮ್ಮಲ್ಲಿ ಇನಿಷಿಯಲ್ ಇಟ್ಟುಕೊಳ್ಳುವವರು, ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ ಇರುವವರು, ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಬಿಡಿಸಿ ಬರೆಸಿದವರು ಬಹಳ. ಖಾತೆಯಲ್ಲಿ ಇನಿಷಿಯಲ್, ಟಿಕೆಟ್ಟಿನಲ್ಲಿ ಬಿಡಿಸಿದ ಹೆಸರು ಇದ್ದರೆ ಯಂತ್ರ ಎರಡನ್ನೂ ಬೇರೆ ವ್ಯಕ್ತಿ ಎಂದುಕೊಳ್ಳುತ್ತದೆ. ಖಾತೆ ತೆರೆಯುವಾಗಲೇ ಪಾಸ್‌ಪೋರ್ಟಿನಲ್ಲಿರುವಂತೆ, ಅಕ್ಷರ ಬಿಡದೆ ಬರೆಯಿರಿ. ಕುಲನಾಮ ಖಾಲಿಯಿದ್ದವರು ಟಿಕೆಟ್ಟಿನಲ್ಲಿ ಸಂಸ್ಥೆ ಹೇಗೆ ಹೆಸರು ತುಂಬುತ್ತದೆಯೋ ಹಾಗೆಯೇ ಖಾತೆಯಲ್ಲೂ ತುಂಬಬೇಕು. ಖಾತೆಯ ಹೆಸರು ತಿದ್ದಿಸಲು ಪಾಸ್‌ಪೋರ್ಟಿನ ಪ್ರತಿ ಕಳಿಸಬೇಕಾಗುತ್ತದೆ, ಅದನ್ನು ಪ್ರಯಾಣಕ್ಕೆ ಮೊದಲೇ ಮುಗಿಸುವುದು ಲೇಸು.

ಎರಡನೆಯ ಕಾರಣ ಟಿಕೆಟ್ಟಿನ ಬುಕಿಂಗ್ ಕ್ಲಾಸ್. ಎಕಾನಮಿಯೊಳಗೇ ಹತ್ತಾರು ಅಕ್ಷರಗಳಿವೆ. ಅಗ್ಗದ ಅಕ್ಷರಕ್ಕೆ ಒಂದು ಕಾರ್ಯಕ್ರಮ ಅರ್ಧ ಕೊಟ್ಟರೆ ಇನ್ನೊಂದು ಸೊನ್ನೆ ಕೊಡುತ್ತದೆ. ಇ-ಟಿಕೆಟ್ಟಿನಲ್ಲಿ ವಿಮಾನದ ಸಂಖ್ಯೆಯ ಪಕ್ಕದಲ್ಲಿರುವ ಆ ಅಕ್ಷರವನ್ನು ಆಯಾ ಕಾರ್ಯಕ್ರಮದ ಪಾಲುದಾರರ ಪಟ್ಟಿಯಲ್ಲಿ ನೋಡಿ, ಯಾವ ಖಾತೆಗೆ ಹೆಚ್ಚು ಬರುತ್ತದೆಂದು ತೀರ್ಮಾನಿಸಿ. ಕೋಡ್‌ಶೇರ್ ಆದರೆ ಟಿಕೆಟ್ ಮಾರಿದವರು ಒಬ್ಬರು, ವಿಮಾನ ಹಾರಿಸುವವರು ಇನ್ನೊಬ್ಬರು. ಯಾರ ನಿಯಮದಂತೆ ಮೈಲ್ಸ್ ಎಂಬುದು ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಬೇರೆ. ಪ್ರವಾಸ ಕಂಪನಿಗಳ ಗುಂಪು ಟಿಕೆಟ್‌ಗಳಿಗೆ ಹೆಚ್ಚಾಗಿ ಏನೂ ಬರುವುದಿಲ್ಲ.

ಎರಡು ವಾರವಾದರೂ ಮೈಲ್ಸ್ ಕಾಣದಿದ್ದರೆ ತಾಣದಲ್ಲಿ ಬಿಟ್ಟುಹೋದ ಮೈಲ್ಸ್ ಕೇಳುವ ಪುಟಕ್ಕೆ ಹೋಗಿ. ಅಲ್ಲಿ ಬೇಕಾಗುವುದು 13 ಅಂಕಿಯ ಟಿಕೆಟ್ ಸಂಖ್ಯೆ, ಪಿಎನ್ಆರ್ ಸಾಲದು. ಅದರ ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಸಂಸ್ಥೆಯದು: 098 ಏರ್ ಇಂಡಿಯಾ, 618 ಸಿಂಗಪುರ್, 125 ಬ್ರಿಟಿಷ್ ಏರ್‌ವೇಸ್, 157 ಕತಾರ್, 176 ಎಮಿರೇಟ್ಸ್, 220 ಲುಫ್ತಾನ್ಸಾ. ಬೋರ್ಡಿಂಗ್ ಪಾಸ್ ಮೊಬೈಲಿನಲ್ಲಿದ್ದರೆ ಇಳಿದ ಮೇಲೆ ಅದು ಆ್ಯಪ್‌ನಿಂದ ಮಾಯವಾಗಬಹುದು, ಹತ್ತುವ ಮೊದಲೇ ಚಿತ್ರ ತೆಗೆದಿಟ್ಟುಕೊಳ್ಳಿ. ಕೇಳುವ ಅವಧಿ ಹಲವು ಕಡೆ ಆರು ತಿಂಗಳು. ಪ್ರಯಾಣದ ದಿನಕ್ಕಿಂತ ಬಹಳ ಆಮೇಲೆ ತೆರೆದ ಖಾತೆಗೆ ಹಳೆಯ ಪ್ರಯಾಣದ ಮೈಲ್ಸ್ ಕೊಡುವುದಿಲ್ಲವಾದ್ದರಿಂದ ಮೊದಲ ಸಲ ವಿಮಾನ ಹತ್ತುವ ಮನೆಯ ಹಿರಿಯರಿಗೂ ಟಿಕೆಟ್ ಮಾಡುವ ದಿನವೇ ಖಾತೆ ತೆರೆದು ಸಂಖ್ಯೆ ಹಾಕಿಬಿಡಿ. ಖಾತೆ ತೆರೆಯಲು ಹಣವೇನೂ ಇಲ್ಲ.